ಸಮುದ್ರವಿದೆ, ಜನರಿದ್ದಾರೆ, ಪೇಟೆ ಎಲ್ಲಿ ಹೋಯಿತು?

(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)



ಒಂದು ಊರಿನ ಪೇಟೆ ಹಾಳಾಯಿತೆಂದರೆ ಎರಡು ಬಗೆಯ ಮಾತು ಕೇಳಿಬರುತ್ತದೆ. "ಕಾಲ ಬದಲಾಯಿತು, ಜನರ ರುಚಿ ಬದಲಾಯಿತು, ಯಾರೇನು ಮಾಡಲಾದೀತು?" ಎಂಬುದು ಒಂದು. "ದೊಡ್ಡ ಬಂಡವಾಳಗಾರ ಬಂದ, ಎಲ್ಲವನ್ನೂ ನುಂಗಿದ" ಎಂಬುದು ಇನ್ನೊಂದು. ಮೊದಲನೆಯ ಮಾತು ಕೇಳಿದವರು ಕೈಕಟ್ಟಿ ಕೂಡುತ್ತಾರೆ. ಎರಡನೆಯದನ್ನು ಕೇಳಿದವರು ಸಿಟ್ಟಾಗುತ್ತಾರೆ. ನಾವು ಇಂದು ಎರಡನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು, ಒಂದು ಊರಿನ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಕೂಡಿ ಕಳೆದು ನೋಡೋಣ.

ಆ ಊರು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿ. ಫಿಲಡೆಲ್ಫಿಯಾ ನಗರದಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಸಮುದ್ರದಂಚಿನ ಒಂದು ಮರಳ ದ್ವೀಪದ ಮೇಲೆ ಅದು ನಿಂತಿದೆ. ಅಲ್ಲಿ ಗಣಿಯಿಲ್ಲ, ಗಿರಣಿಯಿಲ್ಲ, ಬೆಳೆ ತೆಗೆಯುವ ಭೂಮಿಯಿಲ್ಲ. ಇರುವುದು ಗಾಳಿ, ಅಲೆ, ಮರಳು. ಇದನ್ನೇ ಮಾರಬಹುದೆಂದು ಜೊನಾಥನ್ ಪಿಟ್ನಿ ಎಂಬ ವೈದ್ಯನಿಗೆ ಹೊಳೆಯಿತು. ರೈಲು ದಾರಿ ಹಾಕಿಸಿದರು. 1854ರಲ್ಲಿ ಮೊದಲ ರೈಲು ಬಂತು. ಊರೂ ಅದೇ ವರ್ಷ ಹುಟ್ಟಿತು. ಕೆಲವು ವರ್ಷಗಳ ಮೇಲೆ, 1877ರಲ್ಲಿ, ಎರಡನೆಯ ಕಂಪನಿಯೊಂದು ಪೈಪೋಟಿಗೆ ಇಳಿಯಿತು. ಟಿಕೇಟಿನ ದರ ಇಳಿಯಿತು. ವಾರವೆಲ್ಲ ಫಿಲಡೆಲ್ಫಿಯಾದ ಕಾರ್ಖಾನೆಗಳಲ್ಲಿ ದುಡಿದವನು ಭಾನುವಾರ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರುವುದು ಸಾಧ್ಯವಾಯಿತು. ಅಲ್ಲಿಯವರೆಗೆ ಸಮುದ್ರದ ಗಾಳಿ ಸಿರಿವಂತರ ಸೊತ್ತಾಗಿತ್ತು. ಅದನ್ನು ದುಡಿಯುವವನ ಕೈಗೆ ಎಟುಕುವಂತೆ ಮಾಡಿದ ಊರುಗಳಲ್ಲಿ ಇದು ಮುಖ್ಯವಾದದ್ದು. ಅದರ ಆಕರ್ಷಣೆಯ ಮೊದಲ ಗುಟ್ಟು ಇದು.

ಎರಡನೆಯ ಗುಟ್ಟು ಹಲಗೆ ದಾರಿ. ಬಂದವರು ಕಾಲಿಗೆ ಮೆತ್ತಿದ ಮರಳನ್ನು ಹೋಟೆಲಿನೊಳಕ್ಕೂ ರೈಲು ಡಬ್ಬಿಯೊಳಕ್ಕೂ ತರುತ್ತಿದ್ದರು. ಹೋಟೆಲಿನವನೊಬ್ಬ, ರೈಲಿನ ಕಂಡಕ್ಟರನೊಬ್ಬ ಸೇರಿ ಇದಕ್ಕೊಂದು ಉಪಾಯ ಸೂಚಿಸಿದರು. 1870ರಲ್ಲಿ ಮರಳಿನ ಮೇಲೆ ಹಲಗೆ ಹಾಸಿ ಕಾಲುದಾರಿ ಮಾಡಲಾಯಿತು. ಅದೇ ಬೋರ್ಡ್‌ವಾಕ್. ಕಸ ತಡೆಯಲು ಹಾಸಿದ ಹಲಗೆಯೇ ಕೊನೆಗೆ ಊರಿನ ಹೆಸರಾಯಿತು. ಅದರ ಉದ್ದಕ್ಕೆ ಮಿಠಾಯಿ ಅಂಗಡಿ, ತೂಗುಕುರ್ಚಿ, ಸಂಗೀತ, ಕಡಲೊಳಗೆ ಚಾಚಿದ ಕಟ್ಟೆಗಳ ಮೇಲೆ ಆಟಪಾಟ. ಬೇಸಿಗೆ ಮುಗಿದರೆ ಜನ ಹೋಗಿಬಿಡುತ್ತಾರಲ್ಲ, ಸೆಪ್ಟೆಂಬರಿನ ಕಾರ್ಮಿಕರ ರಜೆ ಕಳೆದ ಮೇಲೂ ಇನ್ನಷ್ಟು ದಿನ ಅವರನ್ನು ನಿಲ್ಲಿಸಿಕೊಳ್ಳೋಣವೆಂದು 1921ರಲ್ಲಿ ಹೂಡಿದ ಉತ್ಸವದಿಂದಲೇ 'ಮಿಸ್ ಅಮೆರಿಕ' ಸ್ಪರ್ಧೆ ಹುಟ್ಟಿತು. ವ್ಯಾಪಾರಿಯ ಬುದ್ಧಿ ಎಷ್ಟು ದೂರ ಓಡುತ್ತದೆ ನೋಡಿ!

ಆದರೆ ಪೇಟೆ ಎಂದರೆ ಹಲಗೆ ದಾರಿಯಲ್ಲ. ಅದರ ಹಿಂದೆ, ಎರಡು ಓಣಿ ಒಳಗೆ, ಅಟ್ಲಾಂಟಿಕ್ ಅವೆನ್ಯೂ ಎಂಬ ಬೀದಿ. ಊರಿನವರ ಪೇಟೆ ಅದು. ಬ್ಯಾಂಕು, ಔಷಧದ ಅಂಗಡಿ, ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಊಟದ ಮನೆ ಎಲ್ಲ ಅಲ್ಲಿದ್ದವು. ಹಲಗೆ ದಾರಿಯಲ್ಲಿ ಪರವೂರಿನವನು ಖರ್ಚು ಮಾಡಿದ ಹಣ ಹೋಟೆಲಿನ ಕೆಲಸದವಳ ಕೂಲಿಯಾಗಿ, ಅವಳ ಕೈಯಿಂದ ಈ ಬೀದಿಯ ಅಂಗಡಿಕಾರನ ಗಲ್ಲಾಪೆಟ್ಟಿಗೆಗೆ ಬರುತ್ತಿತ್ತು. ಈ ಹರಿವನ್ನು ದಯವಿಟ್ಟು ನೆನಪಿಡಿ. ಮುಂದೆ ಇದೇ ನಿಂತುಹೋಗುತ್ತದೆ.

ಹಳೆಯ ದಿನಗಳನ್ನು ಹೊಗಳುವಾಗ ನಾವು ಒಂದು ಮಾತನ್ನು ಮುಚ್ಚಿಡಬಾರದು. ಹೋಟೆಲುಗಳಲ್ಲಿ ಹಾಸಿಗೆ ಹಾಸಿದವರು, ಪಾತ್ರೆ ತೊಳೆದವರು, ತಳ್ಳುಕುರ್ಚಿ ತಳ್ಳಿದವರು ಬಹುಪಾಲು ಕರಿಯ ಜನ. ಅವರು ಮಡಿಸಿಟ್ಟ ಹಾಸಿಗೆಯ ಮೇಲೆ ಮಲಗುವ ಹಕ್ಕು ಅವರಿಗಿರಲಿಲ್ಲ. ಸಮುದ್ರಸ್ನಾನಕ್ಕೂ ಅವರಿಗೆ ಬೇರೆ ತುಂಡು ಮರಳು. ಊರಿನ ಉತ್ತರ ಭಾಗದಲ್ಲಿ ಅವರು ತಮ್ಮದೇ ಕೇರಿ ಕಟ್ಟಿಕೊಂಡರು. ಕೆಂಟಕಿ ಅವೆನ್ಯೂದಲ್ಲಿ 1935ರಲ್ಲಿ ತೆರೆದ ಕ್ಲಬ್ ಹಾರ್ಲೆಮ್ ಸಂಗೀತಕ್ಕೆ ದೇಶದಲ್ಲೆಲ್ಲ ಹೆಸರಾಯಿತು. "ಎಲ್ಲರಿಗೂ ಸ್ವರ್ಗವಾಗಿತ್ತು" ಎಂದು ಯಾರಾದರೂ ಹೇಳಿದರೆ, ಆ ಸ್ವರ್ಗಕ್ಕೆ ಹಿಂಬಾಗಿಲೂ ಇತ್ತೆಂದು ಹೇಳುವುದು ನಮ್ಮ ಕರ್ತವ್ಯ.

ಇನ್ನೊಂದು ಸಂಗತಿ. ನಿಮ್ಮ ಮಕ್ಕಳು ಆಡುವ 'ಮೊನೊಪಲಿ' ಆಟವನ್ನು ಬಲ್ಲಿರಿ. ಜಾಗ ಕೊಳ್ಳುವುದು, ಬಾಡಿಗೆ ಹಿಂಡುವುದು, ಎದುರಾಳಿಯನ್ನು ದಿವಾಳಿ ಮಾಡುವುದು. ಇದರ ಮೂಲವನ್ನು ಎಲಿಜಬೆತ್ ಮ್ಯಾಗಿ ಎಂಬ ಹೆಂಗಸು ರಚಿಸಿ 1904ರಲ್ಲಿ ಪೇಟೆಂಟ್ ಪಡೆದಳು. ನೆಲವನ್ನು ಕೆಲವೇ ಜನ ಹಿಡಿದಿಟ್ಟುಕೊಂಡರೆ ಉಳಿದವರ ಗತಿ ಏನಾಗುತ್ತದೆಂದು ಕಲಿಸುವುದೇ ಅವಳ ಉದ್ದೇಶ. ಕೈಯಿಂದ ಕೈಗೆ ದಾಟುತ್ತ ಆಟ ಅಟ್ಲಾಂಟಿಕ್ ಸಿಟಿಗೆ ಬಂದಾಗ ಅಲ್ಲಿಯವರು ತಮ್ಮ ಬೀದಿಗಳ ಹೆಸರನ್ನೇ ಅದಕ್ಕಿಟ್ಟರು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಅದನ್ನು ಮಾರಾಟಕ್ಕೆ ತಂದಾಗ ಪಾಠ ಬಿದ್ದುಹೋಯಿತು, ಆಟ ಉಳಿಯಿತು. ನಾಲ್ಕು ದಶಕದ ಮೇಲೆ ಆ ಊರಿನ ನಿಜವಾದ ಬೀದಿಗಳ ಮೇಲೆ ಅದೇ ಆಟ ನಡೆಯಿತು.

ಅವನತಿ ಹೇಗೆ ಬಂತು? ಎರಡನೆಯ ಮಹಾಯುದ್ಧದ ನಂತರ ಕಾರು ಬಂತು, ವಿಮಾನ ಬಂತು. ರೈಲು ತಂದು ಇಳಿಸಿದಲ್ಲೇ ವಾರವಿಡೀ ಇರಬೇಕೆಂಬ ಕಟ್ಟು ಹೋಯಿತು. ಹಣವುಳ್ಳವರು ಫ್ಲಾರಿಡಾಕ್ಕೆ ಹಾರಿದರು. ಮನೆಯಲ್ಲಿ ತಂಪು ಯಂತ್ರ, ಹಿತ್ತಲಲ್ಲಿ ಈಜುಕೊಳ ಬಂದವರಿಗೆ ಸಮುದ್ರದ ಗಾಳಿಯ ಹಂಗೇ ತಪ್ಪಿತು. ಊರಿನ ಉಳ್ಳವರೂ ಹೊರವಲಯದಲ್ಲಿ ಮನೆ ಕಟ್ಟಿ ಹೋದರು, ಅವರ ಹಿಂದೆ ಅಂಗಡಿಗಳೂ ಹೋದವು. 1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ ಅಲ್ಲಿ ನಡೆದಾಗ ದೇಶದ ಪತ್ರಿಕೆಯವರೆಲ್ಲ ಬಂದು ಹಳೆಯ ಹೋಟೆಲುಗಳ ಮಾಸಿದ ಕೋಣೆಗಳನ್ನು ಕಂಡು ಬರೆದರು. ಮಾನ ಕಾಯಲು ಕರೆದ ನೆಂಟರೇ ಮಾನ ಕಳೆದಂತಾಯಿತು. 1930ರಲ್ಲಿ 66 ಸಾವಿರವಿದ್ದ ಜನಸಂಖ್ಯೆ 1970ಕ್ಕೆ 48 ಸಾವಿರಕ್ಕೆ ಇಳಿಯಿತು.

ಇಷ್ಟರವರೆಗೆ "ಕಾಲ ಬದಲಾಯಿತು" ಎನ್ನುವವರ ವಾದ ಸರಿ. ನಾವು ಒಪ್ಪುತ್ತೇವೆ. ಮುಂದಿನದು ಕಾಲ ಮಾಡಿದ್ದಲ್ಲ, ಮನುಷ್ಯರು ಗೊತ್ತಿದ್ದು ಮಾಡಿದ್ದು.

1976ರಲ್ಲಿ ನ್ಯೂಜೆರ್ಸಿಯ ಮತದಾರರು ಅಟ್ಲಾಂಟಿಕ್ ಸಿಟಿಯೊಂದರಲ್ಲಿ ಮಾತ್ರ ಜೂಜಿಗೆ ಒಪ್ಪಿಗೆ ಕೊಟ್ಟರು. ಎರಡು ವರ್ಷ ಹಿಂದೆ ಇಡೀ ರಾಜ್ಯಕ್ಕೆ ಜೂಜು ತರುವ ಸೂಚನೆಯನ್ನು ಅವರೇ ತಳ್ಳಿಹಾಕಿದ್ದರು. ಈ ಸಲ ಹೇಳಿದ ಮಾತು ಬೇರೆ: ಊರು ಏಳುತ್ತದೆ, ಕೆಲಸ ಬರುತ್ತದೆ, ಜೂಜಿನ ತೆರಿಗೆಯಿಂದ ಮುದುಕರಿಗೂ ಅಂಗವಿಕಲರಿಗೂ ನೆರವಾಗುತ್ತದೆ. 1978ರ ಮೇ ತಿಂಗಳಲ್ಲಿ ಮೊದಲ ಕ್ಯಾಸಿನೊ ತೆರೆಯಿತು. ಒಳಹೋಗಲು ಹಲಗೆ ದಾರಿಯ ಮೇಲೆ ಜನ ಸಾಲುಗಟ್ಟಿ ನಿಂತರು.

ಕೆಲಸ ಬಂತೇ? ಬಂತು. ಸುಳ್ಳು ಹೇಳಿ ವಾದ ಗೆಲ್ಲುವ ಅಗತ್ಯ ನಮಗಿಲ್ಲ. ಉಚ್ಛ್ರಾಯದ ಕಾಲದಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಕ್ಯಾಸಿನೊಗಳಲ್ಲಿ ದುಡಿದರು. ಅಡಿಗೆಯವರು, ಕೋಣೆ ಗುಡಿಸುವವರು, ಬಡಿಸುವವರು ಸಂಘ ಕಟ್ಟಿ ಆರೋಗ್ಯ ವಿಮೆ, ನಿವೃತ್ತಿ ವೇತನ ಪಡೆದರು. ವರ್ಷಕ್ಕೆ 3 ಕೋಟಿ ಭೇಟಿಗಳೆಂಬ ಲೆಕ್ಕವೂ ಉಂಟು. ಹಾಗಾದರೆ ಎರಡು ಓಣಿ ಒಳಗಿದ್ದ ಪೇಟೆ ಚಿಗುರಬೇಕಿತ್ತಲ್ಲವೇ? ಚಿಗುರಲಿಲ್ಲ, ಒಣಗಿತು. ಏಕೆ?

ಕ್ಯಾಸಿನೊ ಎಂಬ ಕಟ್ಟಡದ ರಚನೆಯನ್ನು ನೋಡಿ, ಉತ್ತರ ಅಲ್ಲೇ ಇದೆ. ಕನಿಷ್ಠ 500 ಕೋಣೆಯ ಹೋಟೆಲಿದ್ದರೆ ಮಾತ್ರ ಜೂಜಿಗೆ ಪರವಾನಗಿ ಎಂದು ಕಾನೂನು ಮಾಡಿದರು. ಸಣ್ಣ ವಸತಿಗೃಹದವನು ಬಾಗಿಲಲ್ಲೇ ಉಳಿದ. ಬಂದವನು ಕಾರನ್ನು ಕ್ಯಾಸಿನೊದ ಕಟ್ಟಡದಲ್ಲೇ ನಿಲ್ಲಿಸುತ್ತಾನೆ. ಊಟ, ಅಂಗಡಿ, ಹಾಸಿಗೆ, ನಾಟಕ ಎಲ್ಲ ಒಳಗೇ. ಆಡುವವನಿಗೆ ಊಟವನ್ನು ಪುಕ್ಕಟೆ ಕೊಡುವುದೂ ಉಂಟು. ದುಡ್ಡು ಕೊಟ್ಟು ಉಣ್ಣಿಸುವ ಬೀದಿಯ ಊಟದ ಮನೆಯವನು ಪುಕ್ಕಟೆ ಊಟದೊಡನೆ ಪೈಪೋಟಿ ಮಾಡುವುದು ಹೇಗೆ? ಬಸ್ಸಿನಲ್ಲಿ ಬಂದ ಮುದುಕರಿಗೆ ಜೂಜಾಡಲು ಚಿಲ್ಲರೆ ಕೊಟ್ಟು ಒಳಗೆ ಕರೆದುಕೊಂಡರು. ಸಂಜೆ ಅದೇ ಬಸ್ಸು ಹತ್ತಿ ಅವರು ಹೊರಟರು. ಜನ ಊರಿಗೆ ಬಂದರು, ಪೇಟೆಗೆ ಬರಲಿಲ್ಲ. ಅಂಗಡಿಕಾರನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೇಲಾಗಿ ನೆಲದ ಬೆಲೆ ಏರಿತು. ಗಾಳಿ ಬಂದಾಗ ತೂರಿಕೊಳ್ಳುವವರು ಎಲ್ಲ ಊರಲ್ಲೂ ಇರುತ್ತಾರೆ. ಇಂದು ಅಂಗಡಿ ನಡೆಸುವುದಕ್ಕಿಂತ ನಾಳೆ ಜಾಗ ಮಾರುವುದು ಲಾಭವೆಂದು ಕಂಡಾಗ ಮಾಳಿಗೆ ಸೋರಿದರೂ ಮಾಲಿಕ ದುರಸ್ತಿ ಮಾಡಿಸಲಿಲ್ಲ. ಬಾಡಿಗೆದಾರರು ಹೊರಬಿದ್ದರು. ಮನೆಗಳು ಬಿದ್ದವು, ಖಾಲಿ ನಿವೇಶನಗಳಲ್ಲಿ ಹುಲ್ಲು ಬೆಳೆಯಿತು. 1984ರಲ್ಲಿ ಕ್ಯಾಸಿನೊಗಳ ಆದಾಯದ ನೂರಕ್ಕೆ 1.25 ಭಾಗವನ್ನು ಊರಿನ ಅಭಿವೃದ್ಧಿಗೆ ತೊಡಗಿಸಬೇಕೆಂದು ಒಂದು ಪ್ರಾಧಿಕಾರ ಮಾಡಿದರು. ಒಳ್ಳೆಯದೇ. ಆದರೆ ಅದೇ ಪ್ರಾಧಿಕಾರ ಮುಂದೆ ಟ್ರಂಪ್ ಪ್ಲಾಜಾ ಕ್ಯಾಸಿನೊದ ಪಕ್ಕದ ಒಬ್ಬ ವಿಧವೆಯ ಮನೆಯನ್ನೂ, ಒಂದು ಇಟಾಲಿಯನ್ ಊಟದ ಮನೆಯನ್ನೂ, ಒಂದು ಚಿನ್ನದ ಅಂಗಡಿಯನ್ನೂ ಬಲವಂತದಿಂದ ವಶಪಡಿಸಿಕೊಳ್ಳಲು ಹೊರಟಿತು. ಕ್ಯಾಸಿನೊದ ಗಿರಾಕಿಗಳ ಮೋಟಾರು ನಿಲ್ಲಲು ಜಾಗ ಬೇಕಂತೆ! ಆ ಮೂವರೂ ಬಗ್ಗಲಿಲ್ಲ. 1998ರಲ್ಲಿ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಸಣ್ಣವನು ಗೆದ್ದ ಕತೆಗಳು ಕಡಿಮೆ; ಅದಕ್ಕೇ ಇದನ್ನು ಎತ್ತಿ ಹೇಳಿದೆವು.

ಕೆಲವು ಸಂಗಾತಿಗಳು ಕೇಳಬಹುದು: "ಕ್ಯಾಸಿನೊ ಬಾರದಿದ್ದರೆ ಊರು 1978ರಲ್ಲೇ ಸಾಯುತ್ತಿತ್ತಲ್ಲ?" ನ್ಯಾಯವಾದ ಪ್ರಶ್ನೆ. ಮುಳುಗುವವನಿಗೆ ಹಗ್ಗ ಎಸೆದದ್ದು ತಪ್ಪಲ್ಲ. ಹಗ್ಗದ ತುದಿ ಯಾರ ಕೈಯಲ್ಲಿತ್ತು, ಅವನು ಅದನ್ನು ಯಾವಾಗ ಬಿಟ್ಟ ಎಂಬುದೇ ಪ್ರಶ್ನೆ.

2006ರಲ್ಲಿ ಕ್ಯಾಸಿನೊಗಳ ಗಳಿಕೆ 520 ಕೋಟಿ ಡಾಲರು. ಅದೇ ವರ್ಷದ ಕೊನೆಗೆ ನೆರೆಯ ಪೆನ್ಸಿಲ್ವೇನಿಯಾದಲ್ಲೂ ಕ್ಯಾಸಿನೊ ತೆರೆಯಿತು. ಫಿಲಡೆಲ್ಫಿಯಾದವನು ಜೂಜಿಗಾಗಿ ನೂರು ಕಿಲೋಮೀಟರ್ ಏಕೆ ಬಂದಾನು? 2013ಕ್ಕೆ ಗಳಿಕೆ 300 ಕೋಟಿಗಿಂತ ಕೆಳಗಿಳಿಯಿತು. 2014ರಲ್ಲಿ ಹನ್ನೆರಡರಲ್ಲಿ ನಾಲ್ಕು ಕ್ಯಾಸಿನೊ ಮುಚ್ಚಿ, ಸುಮಾರು 8 ಸಾವಿರ ಜನರ ಕೆಲಸ ಹೋಯಿತು. ಮುಚ್ಚಿದವುಗಳಲ್ಲಿ ರೆವೆಲ್ ಎಂಬುದಕ್ಕೆ 240 ಕೋಟಿ ಡಾಲರು ಸುರಿದಿದ್ದರು. ರಾಜ್ಯ ಸರ್ಕಾರ 26 ಕೋಟಿಯ ತೆರಿಗೆ ರಿಯಾಯಿತಿ ಕೊಡಲು ಒಪ್ಪಿತ್ತು. ಎರಡೂವರೆ ವರ್ಷ ನಡೆದು ನಿಂತಿತು. 2015ರಲ್ಲಿ ಅದು 8 ಕೋಟಿ ಚಿಲ್ಲರೆಗೆ ಮಾರಾಟವಾಯಿತು. ಕ್ಯಾಸಿನೊಗಳ ಬೆಲೆ ಬಿದ್ದಾಗ ಅವುಗಳ ಮೇಲಿನ ಆಸ್ತಿ ತೆರಿಗೆಯೂ ಬಿತ್ತು. ಆ ಹೊರೆ ಮನೆಗಳ ಮೇಲೂ ಸಣ್ಣ ಅಂಗಡಿಗಳ ಮೇಲೂ ಸರಿಯಿತು. 2016ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಊರಿನ ಆಡಳಿತದ ಸೂತ್ರವನ್ನೇ ಕೈಗೆ ತೆಗೆದುಕೊಂಡಿತು. ಬಾಜಿ ಕಟ್ಟಿದವರು ಒಬ್ಬರು, ಸಾಲ ತೀರಿಸಿದವರು ಇನ್ನೊಬ್ಬರು.

ಅದೇ ವರ್ಷ ತಾಜ್ ಮಹಲ್ ಎಂಬ ಕ್ಯಾಸಿನೊದಲ್ಲಿ ಸುಮಾರು ಒಂದು ಸಾವಿರ ಕೆಲಸಗಾರರು ಮುಷ್ಕರ ಹೂಡಿದರು. ದಿವಾಳಿ ನ್ಯಾಯಾಲಯದ ಮೂಲಕ ಕಿತ್ತುಕೊಂಡಿದ್ದ ಆರೋಗ್ಯ ವಿಮೆಯನ್ನು ಮರಳಿ ಕೊಡಿ ಎಂಬುದು ಅವರ ಬೇಡಿಕೆ. ಜುಲೈಯಿಂದ ಅಕ್ಟೋಬರದವರೆಗೆ ಹಲಗೆ ದಾರಿಯ ಮೇಲೆ ನಿಂತರು. ಮಾಲಿಕ ಕೊಡುವ ಬದಲು ಕ್ಯಾಸಿನೊವನ್ನೇ ಮುಚ್ಚಿದ. "ಮುಷ್ಕರ ಮಾಡಿ ತಮ್ಮ ಅನ್ನಕ್ಕೆ ತಾವೇ ಮಣ್ಣು ಹಾಕಿಕೊಂಡರು" ಎಂದವರು ಅಲ್ಲೂ ಇದ್ದರು. ಆದರೆ 2018ರಲ್ಲಿ ಅದೇ ಕಟ್ಟಡ ಬೇರೆ ಒಡೆತನದಲ್ಲಿ ಹಾರ್ಡ್ ರಾಕ್ ಎಂಬ ಹೆಸರಿನಿಂದ ತೆರೆಯಿತು. 2022ರಲ್ಲಿ ಅದೇ ಸಂಘ ಅದೂ ಸೇರಿ ಹಲವು ಕ್ಯಾಸಿನೊಗಳಿಂದ ದೊಡ್ಡ ಕೂಲಿ ಹೆಚ್ಚಳ ಪಡೆಯಿತು. ಸಂಘ ಉಳಿದಿದ್ದರಿಂದ ಕೇಳುವ ಬಾಯಿ ಉಳಿದಿತ್ತು.

ಇಂದಿಗೂ ಆ ಊರಿನಲ್ಲಿ ಏನು ಉಳಿದಿದೆ? ಟ್ರಂಪ್ ಪ್ಲಾಜಾವನ್ನು 2021ರ ಫೆಬ್ರುವರಿಯಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಹಲಗೆ ದಾರಿ ಉಳಿದಿದೆ, ಅದು ಸಾರ್ವಜನಿಕ ಬೀದಿ. ಸಮುದ್ರ ದಂಡೆ ಉಳಿದಿದೆ. ಆ ಕರಾವಳಿಯ ಬಹಳಷ್ಟು ಊರುಗಳಲ್ಲಿ ಬೇಸಿಗೆಯಲ್ಲಿ ಮರಳಿಗಿಳಿಯಲು ಚೀಟಿ ಕೊಳ್ಳಬೇಕು; ಅಟ್ಲಾಂಟಿಕ್ ಸಿಟಿಯಲ್ಲಿ ಪುಕ್ಕಟೆ. 2018ರಲ್ಲಿ ಒಂದು ವಿಶ್ವವಿದ್ಯಾಲಯದ ಶಾಖೆ ಹಲಗೆ ದಾರಿಯ ಬದಿಗೆ ಬಂತು. ಟೆನೆಸಿ ಅವೆನ್ಯೂ ಸುತ್ತ ಕೆಲವರು ಹಳೆಯ ಕಟ್ಟಡಗಳಲ್ಲೇ ಸಣ್ಣ ಕಾಫಿ ಅಂಗಡಿ, ಊಟದ ಮನೆಗಳನ್ನು ತೆರೆದು, ಜನ ಬೀದಿಯಲ್ಲಿ ನಡೆಯುವಂತೆ ಮಾಡಿದ್ದಾರೆ. ಇದರಿಂದಲೇ ಊರು ಎದ್ದುನಿಂತಿತು ಎನ್ನಲಾಗದು. 2020ರ ಗಣತಿಯಲ್ಲಿ ಜನಸಂಖ್ಯೆ 38 ಸಾವಿರ ಚಿಲ್ಲರೆ ಮಾತ್ರ. ಆದರೆ ಗಮನಿಸಿ: 150 ವರ್ಷ ಕಳೆದರೂ ಜನರನ್ನು ಕರೆಯುತ್ತಿರುವುದು ಎಲ್ಲರ ಸೊತ್ತಾಗಿ ಉಳಿದ ಎರಡು ವಸ್ತುಗಳೇ.

ಅಂಗಡಿಕಾರನೂ ಕೆಲಸಗಾರನೂ ಬೇರೆ ಬೇರೆ ಪಂಗಡವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಒಬ್ಬನಿಗೆ ಕೂಲಿ ಹೆಚ್ಚಾದರೆ ಇನ್ನೊಬ್ಬನಿಗೆ ನಷ್ಟವೆಂದೂ ಹೇಳುವುದುಂಟು. ಅಟ್ಲಾಂಟಿಕ್ ಅವೆನ್ಯೂದ ಲೆಕ್ಕ ಹಾಗೆ ಹೇಳುವುದಿಲ್ಲ. ಕೆಲಸದವಳ ಕೂಲಿ ಊರಿನಲ್ಲಿ ಖರ್ಚಾದಷ್ಟು ಕಾಲ ಪೇಟೆ ಬದುಕಿತ್ತು. ಗಳಿಕೆ ಒಂದೇ ಮಾಳಿಗೆಯ ಕೆಳಗೆ ಸುತ್ತಿ ಹೊರಗಿನ ಸಾಲಗಾರರ ಪಾಲಾದಾಗ ಇಬ್ಬರೂ ಒಟ್ಟಿಗೆ ಕೆಟ್ಟರು. ಆದ್ದರಿಂದ ಯಾರಾದರೂ ಒಂದು ಊರಿಗೆ ಬಂದು, ಒಂದೇ ಒಂದು ದೊಡ್ಡ ಯೋಜನೆಯಿಂದ ಎಲ್ಲರ ಕಷ್ಟ ತೀರಿಸುತ್ತೇವೆಂದು ಹೇಳಿದರೆ, ಎಷ್ಟು ಕೋಟಿ ತರುತ್ತೀರಿ ಎಂದು ಮೊದಲು ಕೇಳಬೇಡಿ. ನೀವು ಕರೆತರುವ ಜನ ನಮ್ಮ ಬೀದಿಯಲ್ಲಿ ನಡೆಯುತ್ತಾರೆಯೇ ಎಂದು ಕೇಳಿ. ನೀವು ಹೊರಟುಹೋದ ದಿನ ತೆರಿಗೆ ಯಾರು ಕಟ್ಟಬೇಕೆಂದೂ ಕೇಳಿ. ಉತ್ತರವನ್ನು ಬರೆಸಿಕೊಂಡು, ರುಜು ಹಾಕಿಸಿಕೊಳ್ಳಿ.