ಚುಕ್ಕೆ ಇಲ್ಲದ ರಸ್ತೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಹೆಡ್‌ಮಾಸ್ಟರು ಫೋನ್ ಮಾಡಿ, "ಪೊಲೀಸ್ ಇಲಾಖೆ ಸೇರಿದ್ದೀಯಂತಲ್ಲಮ್ಮ, ಬಂದು ನಾಲ್ಕು ಮಾತಾಡು" ಎಂದರು. ಮೊದಲೇ ಸರಿಪಡಿಸಿಬಿಡುತ್ತೇನೆ. ನಾನು ಪೊಲೀಸ್ ಅಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಾ, ನಗರ ಪೊಲೀಸರ ಒಂದು ಕಚೇರಿಯಲ್ಲಿ ಮೂರು ತಿಂಗಳು ಅಪರಾಧ ವಿಶ್ಲೇಷಣೆಯ ಇಂಟರ್ನ್ ಆಗಿದ್ದೆ, ಅಷ್ಟೇ. ಆದರೆ ನಾನು ಹಬ್ಬಕ್ಕೆ ಊರಿಗೆ ಬರುವಷ್ಟರಲ್ಲಿ ನಮ್ಮೂರ ಬಾಯಲ್ಲಿ ಪಿಎಸ್‌ಐ ಆಗಿಬಿಟ್ಟಿದ್ದೆ. ಇಬ್ಬರು ಜಮೀನಿನ ತಕರಾರನ್ನೂ ತಂದಿದ್ದರು!

ಮೊದಲ ದಿನ ಹೋದಾಗ ಟಿ.ವಿ.ಯಲ್ಲಿ ತೋರಿಸುವ ಹಾಗೆ ಗೋಡೆ ತುಂಬ ಪರದೆಗಳಿರುತ್ತವೆ ಎಂದುಕೊಂಡಿದ್ದೆ. ಸಿಕ್ಕಿದ್ದು ಒಂದು ಕುರ್ಚಿ, ಒಂದು ಕಂಪ್ಯೂಟರ್, ಕೊನೆಯೇ ಕಾಣದ ಒಂದು ಎಕ್ಸೆಲ್ ಶೀಟು. ನೋಡಿದ್ದನ್ನು ಹೊರಗೆ ಹೇಳುವುದಿಲ್ಲವೆಂದು ಸಹಿ ಹಾಕಿಸಿಕೊಂಡರು. ಹಾಗಾಗಿ ಯಾರ ಹೆಸರೂ, ಯಾವ ಲೆಕ್ಕವೂ ನನ್ನಿಂದ ಇವತ್ತು ಬರುವುದಿಲ್ಲ. ಕೆಲಸ ಹೇಗಿತ್ತು ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ಕಡೆಯ ಹತ್ತು ವರ್ಷದ ಕಳವು, ಸುಲಿಗೆ, ಸರಗಳ್ಳತನದ ಪ್ರಕರಣಗಳನ್ನು ನಕ್ಷೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಇಡಬೇಕು. ಯಾವ ರಸ್ತೆ, ಯಾವ ವಾರ, ಯಾವ ಹೊತ್ತು ಎಂದು ನೋಡಬೇಕು. ಇದೇನು ಹೊಸ ವಿದ್ಯೆ ಅಲ್ಲ. ಫ್ರಾನ್ಸಿನಲ್ಲಿ ಬಾಲ್ಬಿ ಮತ್ತು ಗೆರಿ ಎಂಬಿಬ್ಬರು 1829ರಲ್ಲೇ ಅಪರಾಧದ ನಕ್ಷೆ ಬರೆದಿದ್ದರು. ನನಗಂತೂ ನೆನಪಾದದ್ದು ಗಣಿತದ ಮೇಡಂ. ಗ್ರಾಫ್ ಹಾಳೆಯಲ್ಲಿ ಚುಕ್ಕೆ ಅರ್ಧ ಮನೆ ಆಚೀಚೆ ಆದರೂ ಕೆಂಪು ಗೀಟು ಎಳೆಯುತ್ತಿದ್ದರು.

ಅರ್ಧ ಕೆಲಸ ಹೆಸರು ಸರಿಮಾಡುವುದರಲ್ಲೇ ಹೋಯಿತು. ಯಲಹಂಕ ಎಂಬ ಒಂದೇ ಊರು ಇಂಗ್ಲಿಷಿನಲ್ಲಿ ನಾಲ್ಕಾರು ವೇಷದಲ್ಲಿ ಬರುತ್ತದೆ. ಉಪನಗರ, ನ್ಯೂ ಟೌನ್ ಎರಡೂ ಒಂದೇ ಎಂದು ಕಂಪ್ಯೂಟರಿಗೆ ಯಾರು ಹೇಳಬೇಕು? ಆಮೇಲೆ ಹೊತ್ತಿನ ಗೋಳು. ಸರ ಕಿತ್ತ ಗಳಿಗೆ ಕಳೆದುಕೊಂಡವರಿಗೆ ಗೊತ್ತಿರುತ್ತದೆ. ಆದರೆ ಶುಕ್ರವಾರ ಸಂಜೆ ಬೀಗ ಹಾಕಿ ಊರಿಗೆ ಹೋದವರು ಸೋಮವಾರ ಬಂದು ನೋಡಿದರೆ, ಕನ್ನ ಬಿದ್ದದ್ದು ಯಾವಾಗ? ಅಂಥ ಒಂದು ಪ್ರಕರಣವನ್ನು ಆ ಮೂರು ದಿನದ ಎಲ್ಲ ಗಂಟೆಗಳಿಗೂ ಚೂರು ಚೂರಾಗಿ ಹಂಚಿ ಲೆಕ್ಕ ಹಾಕುತ್ತಾರೆ. ನನಗೆ ಅದು ಬಹಳ ಇಷ್ಟವಾಯಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದಿಡುವ ಪ್ರಾಮಾಣಿಕ ದಾರಿ ಅದು.

ಇನ್ನೊಂದು ತೊಡಕು ಕಾನೂನಿನದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. 1860ರ ದಂಡ ಸಂಹಿತೆಯಲ್ಲಿ ಕಿತ್ತುಕೊಂಡು ಓಡುವುದಕ್ಕೆಂದೇ ಬೇರೆ ಕಲಂ ಇರಲಿಲ್ಲ. ಹೊಸದರಲ್ಲಿ 304ನೇ ಕಲಂ ಇದೆ. ಕಲಂ ನೋಡಿ ಎಣಿಸಿದರೆ ಆ ದಿನದಿಂದಲೇ ಸರಗಳ್ಳರು ಹುಟ್ಟಿಕೊಂಡ ಹಾಗೆ ಕಾಣುತ್ತದೆ!

ಈಗ ನನ್ನ ಮರ್ಯಾದೆ ಹೋದ ಕಥೆ. ಮೂರನೇ ವಾರ ನಕ್ಷೆಯಲ್ಲಿ ಒಂದು ಕಡೆ ಚುಕ್ಕೆಗಳು ಇರುವೆಗೂಡಿನಂತೆ ಮುತ್ತಿದ್ದವು. ಖುಷಿಯಿಂದ ಓಡಿಹೋಗಿ, ಹಿಂದೆ ಠಾಣಾ ಬರಹಗಾರರಾಗಿದ್ದ ಹೆಡ್ ಕಾನ್‌ಸ್ಟೆಬಲ್ ಒಬ್ಬರಿಗೆ ತೋರಿಸಿದೆ. "ಸಾರ್, ಎಲ್ಲಕ್ಕಿಂತ ಅಪಾಯದ ಜಾಗ ಇದು." ಅವರು ಕನ್ನಡಕ ಮೇಲೆತ್ತಿ ನೋಡಿ ಹೇಳಿದರು: "ಅದು ನಮ್ಮ ಠಾಣೆ ಕಣಮ್ಮ." ವಿಳಾಸ ಸರಿಯಾಗಿ ಇಲ್ಲದ ಪ್ರಕರಣಗಳೆಲ್ಲ ಠಾಣೆಯ ವಿಳಾಸಕ್ಕೇ ಹೋಗಿ ಕೂತಿದ್ದವು. ಯಶವಂತಪುರದಲ್ಲೂ ಇದರ ತಮ್ಮನಂಥ ತಪ್ಪು ಮಾಡಿದೆ. ಅಷ್ಟು ಜನ ಓಡಾಡುವ ರೈಲು ನಿಲ್ದಾಣದಲ್ಲಿ ಮೊಬೈಲ್ ಕಳವೇ ಇಲ್ಲವಲ್ಲ ಎಂದು ಬೆರಗಾದೆ. ನಿಲ್ದಾಣದೊಳಗಿನ ಪ್ರಕರಣ ರೈಲ್ವೆ ಪೊಲೀಸರಿಗೆ ಸೇರಿದ್ದು, ನನ್ನ ಶೀಟಿಗೆ ಬರುವುದೇ ಇಲ್ಲ.

ಅವತ್ತಿನಿಂದ ನನಗೆ ಚುಕ್ಕೆ ಇರುವ ಜಾಗಕ್ಕಿಂತ ಇಲ್ಲದ ಜಾಗದ ಚಿಂತೆ ಹತ್ತಿತು. ನಮ್ಮೂರ ರಸ್ತೆಯೂ ಆ ನಕ್ಷೆಯಲ್ಲಿತ್ತು. ಬಸ್ ಇಳಿದು ನೀಲಗಿರಿ ತೋಪಿನ ಪಕ್ಕ ನಡೆದು ಬರುತ್ತೇವಲ್ಲ, ಅದೇ ರಸ್ತೆ. ಹತ್ತು ವರ್ಷದಲ್ಲಿ ಒಂದು ಚುಕ್ಕೆಯೂ ಇಲ್ಲ.

2016ರಲ್ಲಿ ನಾನು ಒಂಬತ್ತನೇ ತರಗತಿ. ನನ್ನ ಅಂಕಪಟ್ಟಿಗೆ ಸಹಿ ಮಾಡಲು ಅಮ್ಮ ಇದೇ ಶಾಲೆಗೆ ಬಂದು, ಯಲಹಂಕದಲ್ಲಿ ಏನೋ ಕೆಲಸ ಮುಗಿಸಿ ಸಂಜೆ ಒಬ್ಬರೇ ಬರುತ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ವಿಳಾಸ ಕೇಳಿದರು. ಅಮ್ಮ ಕೈ ತೋರಿಸಿ ಹೇಳುತ್ತಿರುವಾಗಲೇ ಮಾಂಗಲ್ಯದ ಸರಕ್ಕೆ ಕೈ ಹಾಕಿದರು. ಕತ್ತಿನ ಗಾಯ ಹದಿನೈದು ದಿನ ಮಾಯಲಿಲ್ಲ. ಅಪ್ಪ, "ಹೋದದ್ದು ಹೋಯಿತು, ಠಾಣೆ ಮೆಟ್ಟಿಲು ಹತ್ತೋದು ಬೇಡ, ಹೆಂಗಸಿನ ಹೆಸರು ಊರ ಬಾಯಿಗೆ ಬೀಳುತ್ತೆ" ಎಂದರು. ಅಮ್ಮ ಎರಡು ವರ್ಷ ಅರಿಶಿನದ ಕೊಂಬು ಕಟ್ಟಿಕೊಂಡೇ ಓಡಾಡಿದರು, ಸೆರಗು ಕತ್ತಿನ ತನಕ ಎಳೆದುಕೊಂಡು.

ಹೋದ ಹಬ್ಬದಲ್ಲಿ ಅಮ್ಮನಿಗೆ ನಕ್ಷೆಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದೇ ತೋಪಿನ ಹತ್ತಿರ ಇನ್ನಿಬ್ಬರದೂ ಹೋಗಿತ್ತು ಎಂದರು. ಅವರೂ ಬರೆಸಿರಲಿಲ್ಲ. ಅವರು ಯಾರೆಂದು ನನಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರು ಸಲ ನಡೆದ ಜಾಗ, ಕಾಗದದಲ್ಲಿ ಬೆಂಗಳೂರಿಗೇ ಸುರಕ್ಷಿತವಾದ ರಸ್ತೆ. ಗಸ್ತು ಎಲ್ಲಿ ತಿರುಗಬೇಕೆಂದು ಆ ಕಾಗದವನ್ನೇ ನೋಡಿ ಹೇಳಿದರೆ ಇಲ್ಲಿಗೆ ಯಾರು ಬರುತ್ತಾರೆ? ಗಸ್ತು ಹೆಚ್ಚು ತಿರುಗುವ ಕಡೆ ಪ್ರಕರಣಗಳೂ ಹೆಚ್ಚು ದಾಖಲಾಗುತ್ತವೆ. ಆಮೇಲೆ ಅಲ್ಲಿಯ ಜನರೇ ಕೆಟ್ಟವರು ಎಂಬ ಮಾತು ಹುಟ್ಟುತ್ತದೆ. ಅದೂ ಅನ್ಯಾಯವೇ.

2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಕಿಟ್ಟಯ್ಯ ಎಂಬವನ ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಆಸುಪಾಸಿನದು. ದಾಳಿಯ ವಿರುದ್ಧ ಹೋರಾಡಿ ಸತ್ತವನ ಹೆಸರನ್ನು ಕಲ್ಲಿನಲ್ಲಿ ಕೊರೆದಿಟ್ಟರು. ಇಷ್ಟು ಶತಮಾನ ಕಳೆದರೂ ಅಲ್ಲಿ ಏನಾಯಿತೆಂದು ನಮಗೆ ಗೊತ್ತು. ನಮ್ಮ ತೋಪಿನ ರಸ್ತೆಯಲ್ಲಿ ಹತ್ತು ವರ್ಷದ ಹಿಂದೆ ಏನಾಯಿತೆಂದು ಒಂದು ಚೀಟಿಯೂ ಇಲ್ಲ.

ಆದ್ದರಿಂದ ಈ ವಿಷಯ ಎಲ್ಲರೂ ಮನೆಗೆ ಒಯ್ಯಿರಿ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ನಮ್ಮ ವ್ಯಾಪ್ತಿ ಅಲ್ಲ ಎನ್ನುವ ಹಾಗಿಲ್ಲ. ಆನ್‌ಲೈನಿನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ತುರ್ತಿಗೆ 112. ಬ್ಯಾಂಕ್ ಖಾತೆಯ ಹಣಕ್ಕೆ ಮೋಸವಾದರೆ ತಡಮಾಡದೆ 1930. ದೂರು ಕೊಡುವಾಗ ಜಾಗವನ್ನು "ಯಲಹಂಕದ ಹತ್ತಿರ" ಎನ್ನಬೇಡಿ. ಯಾವ ಕಂಬ, ಯಾವ ಅಂಗಡಿ ಎದುರು ಎಂದು ಬರೆಸಿ. ಇಲ್ಲದಿದ್ದರೆ ನನ್ನಂಥವಳೊಬ್ಬಳು ಅದನ್ನು ಠಾಣೆಯ ಮೇಲೆ ಕೂರಿಸುತ್ತಾಳೆ!

ಅಮ್ಮ ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಇದನ್ನು ಇಲ್ಲಿ ಹೇಳಲೇ ಎಂದು ನಿನ್ನೆ ರಾತ್ರಿ ಕೇಳಿದೆ. ರಾಗಿ ಮುದ್ದೆ ತೊಳಸುತ್ತಿದ್ದವರು ಕೋಲು ನಿಲ್ಲಿಸದೆ, "ಹೇಳು. ನನ್ನ ಹೆಸರು ಹಿಡಿದೇ ಹೇಳು. ಕದ್ದೋಳು ನಾನಲ್ಲವಲ್ಲ" ಎಂದರು. ಆಮೇಲೆ, "ಆ ನಕ್ಷೇಲಿ ಈಗ ಒಂದು ಚುಕ್ಕೆ ಇಡೋಕಾಗಲ್ವೇನೆ?" ಎಂದು ಕೇಳಿದರು. ಅಪರಾಧ ಸಂಖ್ಯೆ ಇಲ್ಲದೆ ಇಡೋಕಾಗಲ್ಲಮ್ಮ ಎಂದೆ. ಅಪ್ಪ ತಟ್ಟೆ ನೋಡುತ್ತಾ ಕೂತಿದ್ದರು.