ಹೊರಗೆ ಕಾಣದ ಬಿ.ಪಿ.: ಯಾರನ್ನು ಪರೀಕ್ಷಿಸಬೇಕು?

(ಸದಸ್ಯರ ಸಭೆಯಲ್ಲಿ ವೈದ್ಯರು ಮಾಡಿದ ಭಾಷಣ)



ಆಕಳ ಕೆಚ್ಚಲು ಬಾತು ಹಾಲಿನಲ್ಲಿ ಗಡ್ಡೆ ಕಂಡರೆ ರೋಗವೆಂದು ನಿಮಗೇ ತಿಳಿಯುತ್ತದೆ. ಆದರೆ ಹೊರಗೆ ಏನೂ ತೋರದ ಸುಪ್ತ ಕೆಚ್ಚಲು ಬಾವೂ ಉಂಟು. ಆಕಳು ಎಂದಿನಂತೆ ಮೇಯುತ್ತದೆ, ಹಾಲು ಮಾತ್ರ ಇಳಿಯುತ್ತದೆ. ಪರೀಕ್ಷೆ ಮಾಡಿದಾಗಲೇ ಅದು ಗೊತ್ತಾಗುವುದು. ಮನುಷ್ಯರ ರಕ್ತದೊತ್ತಡವೂ ಹೀಗೆಯೇ.

“ತಲೆ ಸುತ್ತಿದರೆ ತೋರಿಸುತ್ತೇನೆ” ಎನ್ನುವವರು ಬಹಳ. ಬಿ.ಪಿ. ಏರಿದ ಬಹಳಷ್ಟು ಜನರಿಗೆ ಯಾವ ತೊಂದರೆಯೂ ಅನಿಸುವುದಿಲ್ಲ. ಕೆಲವರಿಗೆ ಲಕ್ವ ಹೊಡೆದ ದಿನವೇ ಅದರ ಮೊದಲ ಸುದ್ದಿ. ಅಂದಿಗೆ ಹಾಲು ಹಿಂಡುವ ಕೈ ನಿಂತಂತೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15 ವರ್ಷ ದಾಟಿದ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 21 ಮಂದಿಗೆ ಬಿ.ಪಿ. ಹೆಚ್ಚಿತ್ತು ಅಥವಾ ಅದಕ್ಕಾಗಿ ಮಾತ್ರೆ ನಡೆದಿತ್ತು.

ಹಾಗಾದರೆ ಯಾರನ್ನು ಪರೀಕ್ಷಿಸಬೇಕು? 30 ವರ್ಷ ತುಂಬಿದ ಎಲ್ಲರನ್ನೂ. ಸರ್ಕಾರದ ಕಾರ್ಯಕ್ರಮವೂ ಇದನ್ನೇ ಹೇಳುತ್ತದೆ. ಆಶಾ ಕಾರ್ಯಕರ್ತೆಯರು ವಯಸ್ಸು, ತಂಬಾಕು, ಕುಡಿತ, ಸೊಂಟದ ಅಳತೆ, ಮನೆತನದ ಕಾಯಿಲೆ ಮುಂತಾದವನ್ನು ಕೇಳಿ ಅಂಕ ಹಾಕುತ್ತಾರೆ. 4ಕ್ಕಿಂತ ಹೆಚ್ಚು ಅಂಕದವರು ಮೊದಲು ಹೋಗಬೇಕು. ಕಡಿಮೆ ಅಂಕದವರು ಹೋಗಬಾರದೆಂದಲ್ಲ. ಗರ್ಭಿಣಿಯರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು 30 ಆಗಲೆಂದು ಕಾಯಬಾರದು.

ಇನ್ನು ಕೆಲವರಿಗೆ ಆಸ್ಪತ್ರೆಯಲ್ಲಿ 140/90ರ ಒಳಗೆ ಇರುತ್ತದೆ, ಮನೆಯಲ್ಲಿ ಏರಿರುತ್ತದೆ. ಆಸ್ಪತ್ರೆಯಲ್ಲಿ 130ರಿಂದ 139 ಬಂದವರು, ಅದರಲ್ಲೂ ಸಕ್ಕರೆ ಕಾಯಿಲೆಯವರು, ತಂಬಾಕು ಬಳಸುವವರು, ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಸಂಜೆ ಅಳೆಸಿ ಬರೆದಿಡಬೇಕು. ಸರಾಸರಿ 135/85 ಅಥವಾ ಮೇಲಿದ್ದರೆ ಡಾಕ್ಟರಿಗೆ ತೋರಿಸಬೇಕು.

ಹಾಲಿನ ಕ್ಯಾನು ಹೊತ್ತು ಬಂದ ಕೂಡಲೇ ಅಳೆಸಬೇಡಿ. ಅದಕ್ಕೆ ಮೊದಲು ಅರ್ಧ ತಾಸು ಚಹಾ, ತಂಬಾಕು ಬೇಡ. 5 ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಒಮ್ಮೆ ಹೆಚ್ಚು ಬಂದರೆ ಗಾಬರಿಯಾಗದೆ ಇನ್ನೊಂದು ದಿನ ಮತ್ತೆ ಅಳೆಸಿ.

ಕೊನೆಗೆ ಒಂದು ವಿನಂತಿ. ಶಿಬಿರ ಮಾಡುವಾಗ ಸಂಘದ ಸದಸ್ಯರ ಪುಸ್ತಕವೊಂದನ್ನೇ ನೋಡಬೇಡಿ. ಎಷ್ಟೋ ಮನೆಗಳಲ್ಲಿ ಹೆಸರು ಯಜಮಾನರದು, ಹಾಲು ಹಿಂಡುವವರು ಮನೆಯಾಕೆ. ಆಕೆ “ನನಗೇನಾಗೈತಿ? ಗಟ್ಟಿ ಅದೀನಿ” ಎನ್ನುತ್ತಾರೆ. ಮನೆವಾರು ಪಟ್ಟಿ ಮಾಡಿ ಆಕೆಯನ್ನೂ ಕರೆಯಿರಿ. ಹಾಲಿನ ಫ್ಯಾಟನ್ನು ದಿನಕ್ಕೆರಡು ಸಲ ನೋಡುವ ನಾವು, ಹಿಂಡುವವರ ಬಿ.ಪಿ.ಯನ್ನು ವರ್ಷಕ್ಕೊಮ್ಮೆಯಾದರೂ ನೋಡೋಣ.