ಫೋನ್ ಅಪ್ಪನದು, ಬೆರಳು ಮಗುವಿನದು



ಆನ್‌ಲೈನ್‌ನಲ್ಲಿ ಮಕ್ಕಳ ಸುರಕ್ಷತೆ ಎಂದು ಎಲ್ಲೇ ಸಭೆ ನಡೆದರೂ ಮಾತಾಡುವವರ ಮನಸ್ಸಿನಲ್ಲಿ ಒಂದು ಮನೆ ಇರುತ್ತದೆ. ಆ ಮನೆಯಲ್ಲಿ ಮಗುವಿಗೊಂದು ಕೋಣೆ, ಕೋಣೆಗೊಂದು ಬಾಗಿಲು, ಮಗುವಿನ ಕೈಯಲ್ಲಿ ಅದರದೇ ಫೋನ್. ಅಪ್ಪ ಅಮ್ಮ ಇಬ್ಬರೂ ಫೋನಿನ ವಿಷಯದಲ್ಲಿ ಮಗುವಿಗಿಂತ ನಿಸ್ಸೀಮರು. ಚಿಕ್ಕಬಳ್ಳಾಪುರ ಜಿಲ್ಲೆಯ ಈ ಮಂಚೇನಹಳ್ಳಿಯಲ್ಲಿ ಅಂಥ ಮನೆ ಇಲ್ಲವೇ ಇಲ್ಲ ಎನ್ನಲಾರೆ. ಆದರೆ ಆ ಮನೆಯನ್ನೇ ಕಣ್ಣ ಮುಂದಿಟ್ಟುಕೊಂಡು ಇವತ್ತಿನ ಗೋಷ್ಠಿ ನಡೆಸಿದರೆ ನಮ್ಮ ಬಹುಪಾಲು ಮಕ್ಕಳು ಲೆಕ್ಕಕ್ಕೇ ಸಿಗುವುದಿಲ್ಲ.

ನಮ್ಮ ಕಡೆಯ ಫೋನನ್ನು ನೋಡಿ. ಡೇರಿಗೆ ಹಾಲು ಹಾಕಿದ ದುಡ್ಡು ಖಾತೆಗೆ ಬಂತು ಎಂಬ ಸಂದೇಶ ಅದರಲ್ಲಿ. ರೀಲರ್ ಮನೆಯಾದರೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯ ಹರಾಜಿನ ವ್ಯವಹಾರ ಅದರಲ್ಲಿ. ಗ್ಯಾಸ್ ಸಿಲಿಂಡರಿನ ಒಟಿಪಿ, ಅಮ್ಮನ ಸ್ತ್ರೀಶಕ್ತಿ ಸಂಘದ ಗುಂಪು, ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕನ ಶಿಫ್ಟ್ ವಿಚಾರ, ಶಾಲೆಯ ಹೋಂವರ್ಕ್ ಎಲ್ಲಕ್ಕೂ ಅದೊಂದೇ. ಹಗಲೆಲ್ಲ ಅಪ್ಪನ ಜೇಬಿನಲ್ಲಿ ಹೊಲ ಸುತ್ತಿ ಬಂದ ಫೋನು ಸಂಜೆ ಏಳಕ್ಕೆ ಚಾರ್ಜರಿಗೆ ಬೀಳುತ್ತದೆ. ಏಳೂಕಾಲಿಗೆ ಮಗುವಿನ ಕೈಯಲ್ಲಿರುತ್ತದೆ. ಚಾರ್ಜರ್ ಕಳಚುವುದೂ ಇಲ್ಲ, ಗೋಡೆಗೆ ಒರಗಿಕೊಂಡೇ ನೋಡುತ್ತದೆ.

ಇದು ಹೀಗಾದದ್ದು ಯಾವಾಗ ಎಂದು ನಮಗೆಲ್ಲ ನೆನಪಿದೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಚಂದನ ವಾಹಿನಿಯಲ್ಲಿ ಪಾಠ ಶುರುವಾದಾಗ ಗದಗ ಜಿಲ್ಲೆಯ ತಾಯಿಯೊಬ್ಬರು ಮಕ್ಕಳಿಗಾಗಿ ಟಿವಿ ಕೊಳ್ಳಲು ಮಾಂಗಲ್ಯ ಅಡವಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಬಂದು ಕಲಿಸುವ ವಿದ್ಯಾಗಮ ಆಗಸ್ಟ್‌ನಲ್ಲಿ ಆರಂಭವಾಗಿ ಅಕ್ಟೋಬರ್‌ನಲ್ಲಿ ನಿಂತಿತು. ಆಮೇಲೆ ಉಳಿದದ್ದು ಫೋನ್ ಒಂದೇ. ಅಲ್ಲಿಯವರೆಗೆ "ಮುಟ್ಟಬೇಡ" ಎನ್ನುತ್ತಿದ್ದ ನಾವೇ ಸಾಲ ಮಾಡಿ ಫೋನ್ ತಂದು "ಹಿಡಕೊಂಡು ಕೂತ್ಕೊ" ಎಂದೆವು. ಹಾಗಾಗಿ ಈಗಿನ ಮಕ್ಕಳು ಫೋನಿಗೆ ಅಂಟಿಕೊಂಡಿದ್ದಾರೆ ಎಂದು ದೂರುವಾಗ ಸ್ವಲ್ಪ ದನಿ ತಗ್ಗಿಸುವುದು ಒಳ್ಳೆಯದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮಕ್ಕಳ ರಕ್ಷಣೆಗೆಂದು ಲೋಕದಲ್ಲಿ ಇವತ್ತು ಏನೇನು ಬೇಲಿ ಹಾಕಿದ್ದಾರೋ ಅವೆಲ್ಲ ಒಂದೇ ಪ್ರಶ್ನೆಯ ಮೇಲೆ ನಿಂತಿವೆ: ಈ ಫೋನ್ ನೋಡುತ್ತಿರುವವರ ವಯಸ್ಸೆಷ್ಟು? ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಮಗುವಿನ ಜಾಡು ಹಿಡಿದು ಜಾಹೀರಾತು ತೋರಿಸಬಾರದು ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಇನ್‌ಸ್ಟಾಗ್ರಾಂ ಹದಿಹರೆಯದವರಿಗೆಂದೇ ಬಿಗಿ ಖಾತೆ ತಂದಿದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರರೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯೇ ಬೇಡ ಎಂದುಬಿಟ್ಟಿದೆ. ಎಲ್ಲವೂ ಸರಿ. ಆದರೆ ನಮ್ಮ ಗೋಡೆಗೆ ಒರಗಿ ಕೂತಿರುವ ಏಳನೇ ಕ್ಲಾಸಿನ ಹುಡುಗಿಯ ವಯಸ್ಸು ಆ ಫೋನಿನ ಲೆಕ್ಕದಲ್ಲಿ ನಲವತ್ತೆರಡು! ಸಿಮ್ ಅಪ್ಪನದು, ಜಿಮೇಲ್ ಅಪ್ಪನದು, ಯೂಟ್ಯೂಬ್ ಅಪ್ಪನದು. ಯಂತ್ರಕ್ಕೆ ಕಾಣುತ್ತಿರುವುದು ಸಾಲ ಮಾಡುವ ವಯಸ್ಸಿನ, ರಮ್ಮಿ ಆಡುವ ವಯಸ್ಸಿನ ಒಬ್ಬ ಗಂಡಸು. ಅವನಿಗೆ ಏನು ತೋರಿಸಬೇಕೋ ಅದನ್ನೇ ತೋರಿಸುತ್ತದೆ. ಕಂಪನಿ ಕಾನೂನು ಮೀರಬೇಕಾಗಿಯೇ ಇಲ್ಲ. ಬೇಲಿ ಇದ್ದ ಕಡೆ ನಮ್ಮ ಮಗು ಇಲ್ಲ, ಅಷ್ಟೆ.

ರಮ್ಮಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಹಣ ಕಟ್ಟಿ ಆಡುವ ಆಟಗಳನ್ನು ಕರ್ನಾಟಕ 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಡೀ ದೇಶಕ್ಕೆ ಅನ್ವಯಿಸುವ ನಿಷೇಧವನ್ನು ಅಂಗೀಕರಿಸಿತು. ಕಾಯ್ದೆ ಹೀಗೆ ಹಗ್ಗಜಗ್ಗಾಟ ಆಡುತ್ತಿದ್ದಾಗ ಮಕ್ಕಳು ಸುಮ್ಮನೆ ಕಾಯುತ್ತಿರಲಿಲ್ಲ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. "ಮಕ್ಕಳ ಮೇಲೆ ಕಣ್ಣಿಡಿ" ಎನ್ನುವುದು ಎಲ್ಲ ಕರಪತ್ರಗಳ ಮೊದಲ ಸಾಲು. ಯಾರು ಯಾರ ಮೇಲೆ ಕಣ್ಣಿಡಬೇಕು ಸ್ವಾಮಿ? ನಮ್ಮ ಮನೆಗಳಲ್ಲಿ ರೀಚಾರ್ಜ್ ಮಾಡುವುದು ಮಗು. ಬ್ಯಾಂಕಿನ ಮೆಸೇಜು ಓದಿ ಹೇಳುವುದು ಮಗು. ಅಪ್ಪನ ಯುಪಿಐ ಪಿನ್ ಅಪ್ಪನಿಗಿಂತ ಚೆನ್ನಾಗಿ ನೆನಪಿರುವುದು ಮಗುವಿಗೆ. "ನೀನೇ ನೋಡಪ್ಪ, ನಮಗೇನು ಗೊತ್ತಾಗುತ್ತೆ" ಎಂದು ಹೇಳಿ ಹೇಳಿ ಮನೆಯ ಮುನಿಷಿಯ ಕೆಲಸವನ್ನು ಹನ್ನೆರಡು ವರ್ಷದವರಿಗೆ ಒಪ್ಪಿಸಿದ್ದೇವೆ. ಆ ಮುನಿಷಿಯ ಮೇಲೆ ಕಾವಲು ಕೂರಿ ಎಂದು ತಾಯಿಗೆ ಹೇಳುವುದು, ಅದೂ ಇಂಗ್ಲಿಷ್ ಪೋಸ್ಟರಿನಲ್ಲಿ ಹೇಳುವುದು, ನನ್ನ ದೃಷ್ಟಿಯಲ್ಲಿ ಕಾಲಹರಣ. ಆಕೆ ಮನೆಯಲ್ಲಿ ಮಾತಾಡುವುದು ತೆಲುಗು, ತಡವರಿಸಿಕೊಂಡು ಓದುವುದು ಕನ್ನಡ.

ಹಾಗಾದರೆ ಮಾಡುವುದೇನು? ಕಾವಲು ಬಿಟ್ಟು ಕಲಿಕೆಯಿಂದ ಶುರು ಮಾಡೋಣ ಎನ್ನುತ್ತೇನೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು "ಇದನ್ನು ನನಗೆ ಕಲಿಸು" ಎಂದು ಕೇಳಿ. ಒಂದೇ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ವಾಟ್ಸ್‌ಆ್ಯಪ್ ತೆರೆಯಿರಿ, ಸೆಟ್ಟಿಂಗ್ಸ್, ಪ್ರೈವೆಸಿ, ಅದರೊಳಗೆ ಗ್ರೂಪ್ಸ್. ನಿಮ್ಮನ್ನು ಗುಂಪಿಗೆ ಸೇರಿಸಲು ಯಾರಿಗೆ ಅಧಿಕಾರ ಎಂದು ಅದು ಕೇಳುತ್ತದೆ. ಅಲ್ಲಿ "ಎಲ್ಲರೂ" ಎಂದಿದ್ದರೆ ನಿಮ್ಮ ನಂಬರ್ ಸಿಕ್ಕ ಯಾವ ಅಪರಿಚಿತನಾದರೂ ರಾತ್ರಿ ಹನ್ನೊಂದಕ್ಕೆ ನಿಮ್ಮನ್ನು ಇನ್ನೂರು ಜನರ ಗುಂಪಿಗೆ ತಳ್ಳಬಹುದು. ಅವನು ತಳ್ಳುವುದು ನಿಮ್ಮನ್ನು, ಒಳಗೆ ಹೋಗುವುದು ನಿಮ್ಮ ಮಗು. ಅದನ್ನು "ನನ್ನ ಸಂಪರ್ಕಗಳು" ಎಂದು ಬದಲಿಸಲು ಅರ್ಧ ನಿಮಿಷ ಸಾಕು. ಹಾಗೆಯೇ ಆ್ಯಂಡ್ರಾಯ್ಡ್ ಫೋನಿನಲ್ಲಿ ಒಂದೇ ಆ್ಯಪನ್ನು ತೆರೆಯ ಮೇಲೆ ಕಟ್ಟಿಹಾಕಿ ಕೊಡುವ ಸೌಲಭ್ಯವಿದೆ, ಪಿನ್ ಕೇಳುವಂತೆ ಮಾಡಿಟ್ಟರೆ ಅದನ್ನು ಹಾಕದೆ ಮಗು ಆಚೆ ಬರಲಾಗದು. ಸಣ್ಣ ಮಕ್ಕಳಿಗೆ ಯೂಟ್ಯೂಬ್ ಕಿಡ್ಸ್ ಬೇರೆಯೇ ಇದೆ. ಒಂದೇ ಫೋನಿರುವ ಮನೆಗೆ ಬೇಕಾದದ್ದು ಇಂಥವು. ಎರಡು ಫೋನ್ ಇದ್ದರೆ ಮಾತ್ರ ನಡೆಯುವ ಉಪಾಯಗಳನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ಯಾರೂ ದಯವಿಟ್ಟು ಮೊದಲು ಹೇಳಬೇಡಿ.

ಇನ್ನು ಕಷ್ಟದ ವಿಚಾರ. ಬೆದರಿಕೆ.

ಅದು ನಡೆಯುವ ರೀತಿಯಲ್ಲಿ ಗುಟ್ಟೇನಿಲ್ಲ. ಆಟದಲ್ಲೋ ರೀಲ್ಸ್ ಕೆಳಗೋ ಪರಿಚಯ. ಹೊಗಳಿಕೆ. "ಬೇರೆ ಕಡೆ ಮಾತಾಡೋಣ" ಎಂಬ ಆಹ್ವಾನ. ಒಂದು ಫೋಟೋ. ಆ ಫೋಟೋ ಬಂದ ಮರುಕ್ಷಣದಿಂದ ದನಿಯೇ ಬೇರೆ. ಹೆಣ್ಣುಮಕ್ಕಳ ಬಳಿ ಇನ್ನಷ್ಟು ಫೋಟೋ ಕೇಳುತ್ತಾರೆ. ಗಂಡುಮಕ್ಕಳ ಕತೆಯನ್ನು ನಾವು ಆಡುವುದೇ ಇಲ್ಲ: ವಿಡಿಯೊ ಕರೆ ಬರುತ್ತದೆ, ಆಚೆ ಕಡೆ ಬತ್ತಲೆ ಚಿತ್ರ, ಈಚೆ ಹುಡುಗನ ಮುಖ, ಎರಡೂ ಸೇರಿ ರೆಕಾರ್ಡ್ ಆಗುತ್ತವೆ. ಐದು ನಿಮಿಷದಲ್ಲಿ ದುಡ್ಡಿನ ಬೇಡಿಕೆ. ಹುಡುಗ ಅಪ್ಪನ ಯುಪಿಐನಿಂದ ಕಳಿಸುತ್ತಾನೆ, ಬ್ಯಾಂಕಿನ ಮೆಸೇಜನ್ನು ಅಳಿಸುತ್ತಾನೆ. ಮನೆಯ ಮುನಿಷಿಯಲ್ಲವೆ, ಅಳಿಸಲು ಬರುತ್ತದೆ. ಹಾಲಿನ ದುಡ್ಡು ಕರಗಿದ್ದು ತಿಂಗಳ ಕೊನೆಗೆ ಗೊತ್ತಾಗುತ್ತದೆ.

ಹೀಗೆ ಬೆದರಿಸುವವನ ಬಳಿ ನಿಜವಾಗಿ ಇರುವ ಬಂಡವಾಳ ಯಾವುದು? ಫೋಟೋ ಅಲ್ಲ. "ನಿಮ್ಮಪ್ಪನಿಗೆ ಕಳಿಸುತ್ತೇನೆ" ಎಂಬ ಮಾತು. ಅವನಿಗೆ ನಮ್ಮ ಮನೆ ಚೆನ್ನಾಗಿ ಗೊತ್ತು. ಅಪ್ಪನಿಗೆ ಗೊತ್ತಾದರೆ ಬೆಲ್ಟು ಬರುತ್ತದೆ, ಫೋನು ಹೋಗುತ್ತದೆ. ಹುಡುಗಿಯಾದರೆ ಶಾಲೆಯೂ ಹೋಗುತ್ತದೆ, ಗಂಡು ಹುಡುಕುವುದು ಶುರುವಾಗುತ್ತದೆ. ಬಾಲ್ಯವಿವಾಹ ಹುಟ್ಟಿನಿಂದಲೇ ಅನೂರ್ಜಿತ ಎಂದು ಕರ್ನಾಟಕ ತಿದ್ದುಪಡಿ ತಂದು ವರ್ಷಗಳಾದರೂ ಮನೆಯ ಮಾನ ಎಂಬ ಹೆಸರಿನಲ್ಲಿ ಅದು ಹಿಂಬಾಗಿಲಿನಿಂದ ನಡೆಯುತ್ತದೆ ಎಂಬುದು ಇಲ್ಲಿರುವ ಅಂಗನವಾಡಿ ಕಾರ್ಯಕರ್ತೆಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಿರುವಾಗ ಹುಡುಗಿ ಯಾಕೆ ಬಾಯಿಬಿಡುತ್ತಾಳೆ? ದೂರದಲ್ಲೆಲ್ಲೋ ಕೂತ ಕೇಡಿಗನಿಗೆ ನಾವೇ ಮನೆಯೊಳಗಿಂದ ಬಲ ಒದಗಿಸುತ್ತಿದ್ದೇವೆ. ಇದನ್ನು ಕಠಿಣವಾಗಿಯೇ ಹೇಳಬೇಕಾಗಿದೆ.

ಆದ್ದರಿಂದ ತಂದೆತಾಯಂದಿರು ಇವತ್ತು ರಾತ್ರಿಯೇ, ಏನೂ ಆಗಿಲ್ಲದಿರುವಾಗಲೇ, ಮಕ್ಕಳಿಗೆ ಒಂದು ಮಾತು ಕೊಡಬೇಕು: "ಇಂಥದ್ದು ಬಂದರೆ ಹೇಳು. ಹೊಡೆಯುವುದಿಲ್ಲ, ಸ್ಕೂಲು ಬಿಡಿಸುವುದಿಲ್ಲ, ಫೋನು ಕಿತ್ತುಕೊಳ್ಳುವುದಿಲ್ಲ." ಮೂರನೆಯದು ಕಷ್ಟ ಅನ್ನಿಸಬಹುದು. ಅದೇ ಮುಖ್ಯ. ಮತ್ತೆ ಕೊಟ್ಟ ಮಾತಿಗೆ ತಪ್ಪಬೇಡಿ, ಒಂದು ಸಲ ತಪ್ಪಿದರೆ ಎರಡನೆಯ ಸಲ ಮಗು ಹೇಳುವುದಿಲ್ಲ.

ಮಗು ಹೇಳಿದ ಮೇಲೆ? ದುಡ್ಡು ಕಳಿಸಬೇಡಿ, ಒಮ್ಮೆ ಕೊಟ್ಟವರನ್ನು ಅವರು ಬಿಡುವುದಿಲ್ಲ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಸಾಕ್ಷಿ ಅದೇ. ಆ ಚಿತ್ರವನ್ನು ಚಿಕ್ಕಪ್ಪನಿಗೆ, ವಕೀಲರಿಗೆ, ಮೇಷ್ಟರಿಗೆ "ನೋಡಿ ಏನಾಗಿದೆ" ಎಂದು ಕಳಿಸಲೇಬೇಡಿ. ಮಗುವಿನ ಅಂಥ ಚಿತ್ರ ರವಾನಿಸುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ, ನೋಡಿ, ದೂರು ಕೊಡದೆ ಇಟ್ಟುಕೊಳ್ಳುವುದೂ ತಪ್ಪು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಖಚಿತವಾಗಿ ಹೇಳಿದೆ. ಫೋನನ್ನು ಇದ್ದಹಾಗೆಯೇ ಇಟ್ಟುಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಹೋಗಿದ್ದರೆ ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು. ಮಗುವಿನ ಸಂಕಟಕ್ಕೆ ಮಕ್ಕಳ ಸಹಾಯವಾಣಿ 1098 ಇದೆ, ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್‌ನ 14416 ಇದೆ. ಜಿಲ್ಲೆಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆ ಇದೆ.

"ಸ್ಟೇಷನ್ ಮೆಟ್ಟಿಲು ಹತ್ತಿದರೆ ಊರೆಲ್ಲ ಗೊತ್ತಾಗುತ್ತದಲ್ಲ" ಎಂಬ ಭಯವೇ ಎಷ್ಟೋ ಮನೆಗಳ ಬಾಯಿ ಕಟ್ಟುತ್ತದೆ. 2012ರ ಪೋಕ್ಸೊ ಕಾಯ್ದೆಯನ್ನು ಬರೆದವರು ಈ ಭಯವನ್ನು ಬಲ್ಲವರೇ ಇರಬೇಕು. ಅದರ 24ನೇ ಕಲಮಿನ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಮವಸ್ತ್ರದಲ್ಲಿ ಬರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಸರು ಹೊರಬರುವಂತಿಲ್ಲ. ಶಿಕ್ಷಕರಿಗೂ ಒಂದು ಮಾತು: ಗೊತ್ತಾದ ಮೇಲೆ "ನಮ್ಮ ಶಾಲೆಯ ಹೆಸರು ಕೆಡುತ್ತದೆ" ಎಂದು ಸುಮ್ಮನಿರಲು 19ನೇ ಕಲಮು ಬಿಡುವುದಿಲ್ಲ.

ಚಿತ್ರ ಹರಿದಾಡದಂತೆ ತಡೆಯಲು ಇನ್ನೊಂದು ದಾರಿಯಿದೆ, ನಮ್ಮ ಕಡೆ ಅದು ಹೆಚ್ಚು ಜನಕ್ಕೆ ತಿಳಿದಿಲ್ಲ. ಅಮೆರಿಕದ ಕಾಣೆಯಾದ ಮತ್ತು ಶೋಷಿತ ಮಕ್ಕಳ ಕೇಂದ್ರ ನಡೆಸುವ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಅದು. ಚಿತ್ರ ನಿಮ್ಮ ಫೋನಿನಿಂದ ಆಚೆ ಹೋಗುವುದಿಲ್ಲ. ಆ ಚಿತ್ರದ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಒಪ್ಪಿಕೊಂಡ ಜಾಲತಾಣಗಳು ಆ ಸಂಕೇತಕ್ಕೆ ಹೊಂದುವ ಚಿತ್ರ ಸಿಕ್ಕರೆ ತೆಗೆಯುತ್ತವೆ. ವಾಟ್ಸ್‌ಆ್ಯಪ್‌ನ ಖಾಸಗಿ ಮಾತುಕತೆಯೊಳಗೆ ಅದು ನಡೆಯದು, ಮಿತಿ ಇದೆ. ಆದರೂ ನಡುರಾತ್ರಿ ಕೈಕಾಲು ಆಡದೆ ಕೂತ ಮಗುವಿಗೆ ಮಾಡಲು ಒಂದು ಕೆಲಸ ಸಿಗುವುದೂ ಸಣ್ಣದಲ್ಲ.

ದೊಡ್ಡವರ ಬಗ್ಗೆ ಒಂದೆರಡು ಮಾತು ಆಡದೆ ಹೋದರೆ ಅನ್ಯಾಯವಾದೀತು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸಂದೇಶ ರಾಜ್ಯವೆಲ್ಲ ಹರಿದಾಡಿತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ ವಲಸೆ ಕಾರ್ಮಿಕನನ್ನು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಜನ ಹೊಡೆದು ಕೊಂದರು. ಆ ಎಂಜಿನಿಯರ್ ಮತ್ತು ಜೊತೆಗಿದ್ದವರು ಮಾಡಿದ್ದು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಆ ಸಂದೇಶಗಳನ್ನು ಹಂಚಿದವರು ಮಕ್ಕಳಲ್ಲ, ಮಕ್ಕಳನ್ನು ಕಾಪಾಡುತ್ತೇವೆ ಎಂದುಕೊಂಡ ದೊಡ್ಡವರು. ಇವತ್ತೂ ಮಗಳ ಫೋಟೋ, ಸಮವಸ್ತ್ರ, ಶಾಲೆಯ ಹೆಸರು ಮೂರನ್ನೂ ಸೇರಿಸಿ ಸ್ಟೇಟಸ್ ಹಾಕುವವರು ನಾವೇ.

ಬಂದದ್ದನ್ನೆಲ್ಲ ನಂಬದೆ ಪ್ರಶ್ನಿಸುವುದಕ್ಕೆ ನಮ್ಮ ಕಡೆಯದೇ ಮಾದರಿಯಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲೆಂದೇ ಒಂದು ಸಮಿತಿ ಮಾಡಿದರು. ಎದುರಿಗೆ ಎಷ್ಟೇ ದೊಡ್ಡವರಿರಲಿ, "ತೋರಿಸಿ" ಎಂದು ಕೇಳುವ ಎದೆಗಾರಿಕೆ ಅದು. ಈಗ ಯಂತ್ರವೇ ಹುಸಿ ಮುಖ, ಹುಸಿ ದನಿ ಹುಟ್ಟಿಸುತ್ತಿರುವ ಕಾಲದಲ್ಲಿ ನಮ್ಮ ಮಕ್ಕಳಿಗೆ ಬೇಕಾಗಿರುವುದು ಅದೇ ಅಭ್ಯಾಸ. ತೊಂದರೆಯೆಂದರೆ, ಪ್ರಶ್ನೆ ಕೇಳಲು ಕಲಿತ ಮಗು ಮೊದಲು ಕೇಳುವುದು ಅಪ್ಪನನ್ನೇ. ಅದನ್ನು ಎದುರುತ್ತರ ಎಂದು ಅಡಗಿಸಿದರೆ ಫೋನಿನ ಆಚೆಯವನ ಮುಂದೆಯೂ ಅದು ತಲೆಯಾಡಿಸುತ್ತದೆ.

ಈ ಗೋಷ್ಠಿಯಿಂದ ನಾನು ಬಯಸುವುದು ನಿರ್ಣಯಗಳ ಪಟ್ಟಿಯನ್ನಲ್ಲ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇರುವ ಕಡೆ ಸಂಜೆ ಎರಡು ಗಂಟೆ ಮಕ್ಕಳಿಗೆ ಬಿಟ್ಟುಕೊಡಲಿ. ನಾಲ್ಕು ಜನರ ನಡುವೆ ಕೂತು ನೋಡುವುದಕ್ಕೂ ಮೂಲೆಯಲ್ಲಿ ಕೂತು ನೋಡುವುದಕ್ಕೂ ಅಂತರವಿದೆ. ಶಾಲೆಯ ಎಸ್‌ಡಿಎಂಸಿ ಸಭೆಗೆ ಸಿಇಎನ್ ಠಾಣೆಯವರು ವರ್ಷಕ್ಕೊಮ್ಮೆ ಮಫ್ತಿಯಲ್ಲಿ ಬಂದು ಕೂರಲಿ. ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಬಸ್ಸು, ಆಟದ ಮೈದಾನದ ಜೊತೆಗೆ ಫೋನಿನಲ್ಲಿ ನಮಗೇನು ಕಾಟ ಎಂದು ಮಕ್ಕಳೇ ಹೇಳುವಂತಾಗಲಿ. ಹೆಸರು ಬರೆಯದ ಚೀಟಿಯಲ್ಲಿ ಬರೆದು ಹಾಕಿದರೂ ಸಾಕು.

ಊಟದ ನಂತರದ ಗೋಷ್ಠಿಯಲ್ಲಿ ನಿಮ್ಮ ನಿಮ್ಮ ಫೋನ್ ತೆಗೆದು ಆ ಗ್ರೂಪ್ಸ್ ಸೆಟ್ಟಿಂಗ್ ಬದಲಿಸುವುದನ್ನು ಎಲ್ಲರೂ ಒಟ್ಟಿಗೆ ಮಾಡುತ್ತೇವೆ. ಬಾರದವರು ಪಕ್ಕದಲ್ಲಿರುವ ಹೈಸ್ಕೂಲು ಮಕ್ಕಳನ್ನು ಕೇಳಿ, ಅವರನ್ನು ಕರೆಸಿರುವುದೇ ಅದಕ್ಕೆ.